ಅರಿಶಿನ ಹಚ್ಚಿದ ಲಾಕ್

ಹೋದ ವಾರ ಅಟ್ಟ ಗುಡಿಸುವಾಗ ಹಳೇ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ತಂತಿಗಳ ನಡುವೆ ಬೆಂಕಿಪೊಟ್ಟಣದಷ್ಟೇ ಇರುವ ಬೂದು ಬಣ್ಣದ ಲಾಕ್. ಕನ್ನಡ ಅಕ್ಷರದ ಸಾಫ್ಟ್‌ವೇರ್ ನಡೆಯಬೇಕಾದರೆ ಆಗ ಇದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿ, ಇದರ ಹಿಂದೆ ಪ್ರಿಂಟರಿನ ಕೇಬಲ್ ಸಿಕ್ಕಿಸಬೇಕಿತ್ತು. ಅಂಚಿನಲ್ಲಿ ಇನ್ನೂ ಒಣಗಿದ ಅರಿಶಿನದ ಗೆರೆ... ಹಚ್ಚಿದವರು ಹಿಂದಿನ ಬೀದಿಯ ಡಿಟಿಪಿ ಅಣ್ಣ.

ಶಿಡ್ಲಘಟ್ಟದಲ್ಲಿ ಅಂಗಡಿ ಇಟ್ಟು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದವರು ಅವರು. ಮನೆಯಲ್ಲೇ ಕೂತು ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ಯಾವ ಮೆಷಿನ್ ರಿಪೇರಿ ಮಾಡಿದರೂ ಮೊದಲು ‘ಶ್ರೀ’ ಎಂದು ಒಂದು ಹಾಳೆ ಪ್ರಿಂಟ್ ತೆಗೆದು, ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅದೇ ಬೆರಳಿನಿಂದ ಮೆಷಿನ್ನಿಗೂ ಲಾಕಿಗೂ ಒಂದೊಂದು ಗೆರೆ ಎಳೆದು, ಆಮೇಲೇ ಕಾಫಿ ಮುಟ್ಟುತ್ತಿದ್ದರು.

ಮಗಳ ಕಾಲೇಜಿನ ಕೆಲಸಕ್ಕೆಂದು ನಾನು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಲು ಹೊರಟಾಗ ಅವರು ಬೇಡವೆಂದಿದ್ದರು. “ಓಡ್ತಿರೋ ಮೆಷಿನ್‌ನ ಯಾಕಮ್ಮ ಕೆಣಕ್ತೀರಾ?” ನಾನು ಕೇಳಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೊತ್ತುಕೊಂಡು ಹೋಗಿ ಹಾಕಿಸಿ ತಂದೆ. ಅಲ್ಲಿ ಹಳೆಯದನ್ನೆಲ್ಲ ಅಳಿಸಿಬಿಟ್ಟಿದ್ದರು. ಮನೆಯಲ್ಲಿ ಆನ್ ಮಾಡಿದರೆ, ಪ್ರಿಂಟರ್ ಕಂಡರೆ ಲಾಕ್ ಕಾಣದು, ಲಾಕ್ ಕಂಡರೆ ಪ್ರಿಂಟರ್ ಕಾಣದು. ಪ್ರಶ್ನೆಪತ್ರಿಕೆ ಕೊಡಲು ಮೂರೇ ದಿನವಿತ್ತು.

ಹೇಳಿಕಳಿಸಿದಾಗ ಅಣ್ಣ ಬಂದರು. ಬೈಯಲಿಲ್ಲ. “ಇಬ್ಬರು ಸೊಸೇರಿಗೆ ಒಂದೇ ಒಲೆ ಕೊಟ್ಟಂಗೆ ಆಗೈತಮ್ಮ. ಇನ್ನೊಂದು ಒಲೆ ಹಾಕಣ ಬಿಡಿ,” ಎಂದು ನಕ್ಕರು. ಹೊರಡುವಾಗ, “ನಿಮ್ಮಕ್ಕಂಗೆ ಯಾಕೋ ಉಸಿರಾಡಕ್ಕೆ ಕಷ್ಟ ಆಗ್ತೈತೆ,” ಎಂದರು. ಅಕ್ಕ ಎಂದರೆ ಅವರ ಹೆಂಡತಿ. ‘ಗಾಳಿ ಬದಲಾಗಿದೆಯಲ್ಲ, ಅದಕ್ಕೇ’ ಎಂದೇನೋ ಹೇಳಿದೆ.

ಮರುದಿನ ಬಸ್ಸಿನಲ್ಲಿ ಹೋಗಿ, ಪ್ರಿಂಟರಿಗೆಂದೇ ಕಂಪ್ಯೂಟರಿನೊಳಗೆ ಸಿಕ್ಕಿಸುವ ಬೇರೆ ಕಾರ್ಡ್ ತಂದರು. ಅದನ್ನು ಹಾಕಿದರೆ ಸ್ಪೀಕರಿನ ಕಾರ್ಡ್ ಜೊತೆ ಜಗಳ, ಇಡೀ ಮೆಷಿನ್ನೇ ನಿಂತುಹೋಗುತ್ತಿತ್ತು. ಮೂರನೆಯ ಮಧ್ಯಾಹ್ನ ನನ್ನ ಮೊರದಲ್ಲೇ ಕಾರ್ಡುಗಳನ್ನು ಹರಡಿಕೊಂಡು, ಅಕ್ಕಿ ಆರಿಸುವಂತೆ ಒಂದೊಂದನ್ನೇ ಜಾಗ ಬದಲಿಸಿ ನೋಡುತ್ತಿದ್ದರು. ಆಗ ಅವರ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು.

“ಅಣ್ಣೋ, ಅಕ್ಕ ಕರೀತಾವ್ರೆ. ಮೇಲುಸಿರು ಬಿಡ್ತಾವ್ರೆ, ಬಿರ್‍ನೆ ಬಾ.”

ಅವರು ಎದ್ದರು. ನಾನು ಹೇಳಿದೆ... ನಾನೇ ಹೇಳಿದ್ದು. “ಅಣ್ಣಾ, ಕೈಯಲ್ಲಿರೋದೊಂದು ಸಿಕ್ಕಿಸಿಬಿಟ್ಟು ಹೋಗಿ. ಬೆಳಿಗ್ಗೆ ಪೇಪರ್ ಕೊಡ್ಬೇಕು.”

ಅವರು ಮತ್ತೆ ಕೂತರು. ಹತ್ತು ನಿಮಿಷವೋ, ಕಾಲು ಗಂಟೆಯೋ... ಸ್ಪೀಕರಿನ ಕಾರ್ಡನ್ನು ಕೊನೆಯ ಜಾಗಕ್ಕೆ ಹಾಕಿದಾಗ ಎಲ್ಲವೂ ಕಂಡವು. ‘ಶ್ರೀ’ ತೆಗೆಯದೆ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿದರು.

ನಾನು ಪ್ರಶ್ನೆಪತ್ರಿಕೆ ತೆಗೆಯಲು ಕೂತೆ. ಪ್ರಿಂಟರ್ ಕರಕರ ಎನ್ನುತ್ತಿತ್ತು, ಕೋಣೆಯಲ್ಲಿ ರಿಬ್ಬನ್ನಿನ ಬಿಸಿ ವಾಸನೆ. ಸಂತೋಷವಾಗಿತ್ತು ನನಗೆ. ಹಿಂದಿನ ಬೀದಿಯ ಅಳು ಕೇಳಿಸಿದ್ದು ಕೊನೆಯ ಹಾಳೆ ಹೊರಬಂದು ಪ್ರಿಂಟರ್ ನಿಂತ ಮೇಲೆ. ಆಟೋ ಹತ್ತಿಸುವಾಗಲೇ ಜೀವ ಹೋಗಿತ್ತಂತೆ.

ಎಂಟನೆಯ ದಿನ ಅವರು ಚೀಟಿ ಹಿಡಿದು ಬಂದರು, ವೈಕುಂಠ ಸಮಾರಾಧನೆಯ ಕಾರ್ಡಿಗೆ. “ನಿಮ್ಮ ಮೆಷಿನ್ ಸರಿಯಾಗೈತಲ್ಲಮ್ಮ, ಇಲ್ಲೇ ತೆಗೀರಿ. ಅಂಗಡಿ ಬಾಗಿಲು ತೆಗಿಯಕ್ಕೆ ಮನಸ್ಸಿಲ್ಲ.” ಅಷ್ಟು ವರ್ಷ ಅಕ್ಕ, ಅಕ್ಕ ಎಂದು ಕರೆದವಳು ನಾನು. ಅಕ್ಕನ ಹೆಸರು ಗೊತ್ತಾದದ್ದು ಆ ಕಾರ್ಡ್ ಟೈಪ್ ಮಾಡುವಾಗ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. “ಕಾಫಿ ತರ್ಲಾ ಅಣ್ಣಾ?” ಎಂದುಬಿಟ್ಟೆ.

“ಇವತ್ತು ಬೇಡಮ್ಮ,” ಎಂದರು. ಹಾಳೆಯನ್ನು ದೀಪದ ಕಡೆ ಹಿಡಿದು ಅಕ್ಷರ ಅಕ್ಷರವನ್ನೂ ನೋಡಿದರು. ಒಂದು ತಪ್ಪೂ ಇರಲಿಲ್ಲ.

ಆಮೇಲೆ ಅವರು ಗೌರಿಬಿದನೂರಿನ ಮಗಳ ಮನೆಗೆ ಹೋದರು. ಹೋದ ವರ್ಷ ಅವರೂ ಇಲ್ಲವೆಂದು ಗೊತ್ತಾದದ್ದು ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ಅವರನ್ನು ಮತ್ತೆ ನೋಡಲು ನಾನು ಹೋಗಿರಲಿಲ್ಲ... ಶಿಡ್ಲಘಟ್ಟಕ್ಕೂ ಗೌರಿಬಿದನೂರಿಗೂ ಎಷ್ಟು ದೂರ! ಎರಡು ಗಂಟೆಯ ಬಸ್ಸಿನ ದಾರಿ.

ಮೊನ್ನೆ ಆ ಡಬ್ಬಿಯನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟೆ. ಲಾಕನ್ನು ಮಾತ್ರ ಒರೆಸಲಿಲ್ಲ.