ಪೆನಾಂಗಿನ ಅಡಿಕೆ ಡಬ್ಬಿ

ಅರ್ಧ ದಿನ ಸಿಕ್ಕರೆ ಸಾಕು, ಯಾವ ಊರನ್ನಾದರೂ ನಾನು ಅರೆದು ಕುಡಿದುಬಿಡುತ್ತೇನೆ. ಇದು ಜಂಬವಲ್ಲ, ಅಭ್ಯಾಸ. ಭದ್ರಾವತಿಯ ನಮ್ಮ ಕ್ವಾರ್ಟರ್ಸಿಗೆ ಬಂದ ನೆಂಟರಿಗೆ ಬೆಳಿಗ್ಗೆ ಕಾರ್ಖಾನೆಯ ಕುಲುಮೆಯ ಕೆಂಪು ತೋರಿಸಿ, ಮಧ್ಯಾಹ್ನ ಶಿವಮೊಗ್ಗದ ಕೋಟೆ ಸುತ್ತಿಸಿ, ಸಂಜೆ ತುಂಗೆಯಲ್ಲಿ ಕಾಲು ತೊಳೆಸಿ, ಕೊನೆಯ ಬಸ್ಸು ಹತ್ತಿಸುವ ಕೆಲಸ ಮೊದಲಿನಿಂದಲೂ ನನ್ನದೇ. ನನ್ನ ಸೋದರಮಾವ ಹೀಗೆ ಒಂದು ಸಲ ಊರು ನೋಡಿ ಹೋದವರು ಆಮೇಲೆ ನಮ್ಮ ಕಡೆ ತಲೆ ಹಾಕಿ ಮಲಗಲಿಲ್ಲ. ನೋಡುವುದೆಲ್ಲ ಮುಗಿಯಿತೆಂಬ ತೃಪ್ತಿಯೇ ಅದಕ್ಕೆ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ.

ನನ್ನ ಈ ವಿದ್ಯೆ ಒಂದೇ ಒಂದು ಸಲ ಪಣಕ್ಕೆ ಬಿದ್ದಿತ್ತು. ಉಕ್ಕಿನ ಕೆಲಸ ಕಲಿತು ಬಾ ಎಂದು ಕಾರ್ಖಾನೆಯವರು ನನ್ನನ್ನು ಒಂದು ವರ್ಷಕ್ಕೆ ಜಪಾನಿಗೆ ಕಳಿಸಿದರು. ಆಗ ವಿಮಾನವೆಂದರೆ ಮಂತ್ರಿಗಳ ವಾಹನ. ಮದುವೆಯಾಗಿ ಮೂರು ತಿಂಗಳಾಗಿದ್ದ ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಮದರಾಸಿನಲ್ಲಿ ಹಡಗು ಹತ್ತಿದೆ. ಗಿರಿಜೆ ಶಿವಮೊಗ್ಗದ ಅಡಿಕೆ ಮಂಡಿಯವರ ಮಗಳು. ಅಲ್ಲಿಂದ ಭದ್ರಾವತಿಗೆ ರೈಲಿನಲ್ಲಿ ಬರುವಷ್ಟರಲ್ಲೇ ನಿಂಬೆಹಣ್ಣು ಮೂಸುವವಳು. ಸಮುದ್ರ ಅವಳಿಗೆ ಒಂದು ದಿನವೂ ಒಗ್ಗಲಿಲ್ಲ. ಮಾಂಸದ ವಾಸನೆಗೆ ಹಡಗಿನ ಊಟದ ಕೋಣೆಯ ಹೊಸ್ತಿಲನ್ನೂ ತುಳಿಯದೆ, ಲಿಂಗಪೂಜೆ ಮುಗಿಸಿ ಒಂದಿಷ್ಟು ಅವಲಕ್ಕಿ, ಚಟ್ನಿಪುಡಿ ತಿಂದು ಮಲಗುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ವೀಳ್ಯದೆಲೆ ಕೊಳೆತುಹೋದ ದಿನ ಅವಳ ತಾಳ್ಮೆಯೂ ಮುಗಿಯಿತು.

“ಪೆನಾಂಗಲ್ಲಿ ಹಡಗು ನಿಲ್ಲತ್ತಂತಲ್ಲ, ನಾನು ಅಲ್ಲೇ ಇಳೀತೀನಿ. ಮದರಾಸಿಗೆ ಹೋಗೋ ಹಡಗು ಹತ್ತಿಸಿಬಿಡಿ. ಅಪ್ಪಾಜಿ ಬಂದು ಕರ್ಕೊಂಡು ಹೋಗ್ತಾರೆ,” ಎಂದಳು.

“ಒಂದು ವರ್ಷ ಮಾರಾಯ್ತಿ!”

“ನೀವು ಕಲ್ತುಕೊಂಡು ಬನ್ನಿ. ಕಾಯೋಕಾದ್ರೂ ನಾನು ಬದುಕಿರಬೇಕಲ್ಲ?”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೂರೇ ತಿಂಗಳಲ್ಲಿ ಅವಳ ಬಳೆಯ ಸದ್ದಿಲ್ಲದೆ ಕಾಫಿ ರುಚಿಸದ ಸ್ಥಿತಿಗೆ ಬಂದಿದ್ದೆ. ಇನ್ನು ಒಂದು ವರ್ಷವನ್ನು ಎಲ್ಲಿಂದ ತರುವುದು? ಆದರೂ ಧೈರ್ಯ ಬಿಡಲಿಲ್ಲ. ಹಡಗು ಬೆಳಿಗ್ಗೆ ತಲುಪಿ ಸಂಜೆ ಹೊರಡುತ್ತಿತ್ತು. ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು. “ಊರು ನೋಡು. ಆಮೇಲೂ ಹೋಗಬೇಕು ಅನ್ಸಿದ್ರೆ ಏಜೆಂಟರ ಆಫೀಸಿಗೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದು ಮಾತು ಕೊಟ್ಟೆ. ಸೋಲುತ್ತೇನೆಂಬ ಅನುಮಾನವೇ ಇಲ್ಲದವನು ಕೊಡುವ ಮಾತು ಅದು.

ದಡಕ್ಕಿಳಿದರೆ ನೆಲವೂ ತೂಗಾಡುತ್ತಿದೆ ಎಂದಳು. ಹಡಗಿನ ಏಜೆಂಟರ ಕಚೇರಿ ಬಂದರುಕಟ್ಟೆಯ ಎದುರಿಗೇ ಇತ್ತು. ಅದರ ಬಾಗಿಲನ್ನು ಚೆನ್ನಾಗಿ ಗುರುತಿಟ್ಟುಕೊಂಡಳು. ನಾನು ಸೈಕಲ್ ರಿಕ್ಷಾ ಹಿಡಿದೆ. ಆ ಊರಿನ ರಿಕ್ಷಾದಲ್ಲಿ ತುಳಿಯುವವನು ಹಿಂದೆ, ಕೂತವರು ಮುಂದೆ. ಎದುರಿನ ಲಾರಿಗೆ ಮೊದಲು ನಾವೇ ಸಿಗುವ ಈ ಏರ್ಪಾಡು ಅವಳಿಗೆ ಹಿಡಿಸಲಿಲ್ಲ. ಗಡಿಯಾರದ ಗೋಪುರ ತೋರಿಸಿದೆ, ನಮ್ಮ ಮನೆ ಗೋಡೆಯಲ್ಲೂ ಗಡಿಯಾರ ಇದೆ ಎಂದಳು. ಚೀನೀಯರ ಗುಡಿಯಲ್ಲಿ ಒನಕೆ ಗಾತ್ರದ ಊದುಬತ್ತಿ ತೋರಿಸಿದೆ, ಸೆರಗಿನಿಂದ ಮೂಗು ಮುಚ್ಚಿದಳು. ಕುಲುಮೆಯ ಹತ್ತಿರ ಕಲಿತಿದ್ದ ನನ್ನ ಭದ್ರಾವತಿ ತಮಿಳಿನಲ್ಲಿ ಒಬ್ಬ ತಮಿಳು ಅಂಗಡಿಯವರನ್ನು ಪೇಟೆಯ ದಾರಿ ಕೇಳಿದೆ; ಅವರು ಪೂರ್ತಿ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಆಗ ಮಾತ್ರ ಗಿರಿಜೆ ಸ್ವಲ್ಪ ನಕ್ಕಳು. ಅದನ್ನೂ ನನ್ನ ಗೆಲುವಿಗೇ ಸೇರಿಸಿಕೊಂಡೆ.

ಬಂದರು ಎಂದರೆ ಏನೋ ಬೇರೆಯೇ ಲೋಕವೆಂದು ನಾವು ತಿಳಿಯುತ್ತೇವೆ. ನನ್ನನ್ನು ಕೇಳಿದರೆ ಶಿವಮೊಗ್ಗವೂ ಬಂದರೇ. ತೀರ್ಥಹಳ್ಳಿ ಕಡೆಯಿಂದ, ಸಾಗರದ ಕಡೆಯಿಂದ ಗಾಡಿಗಳು ಮೂಟೆ ತಂದು ಇಳಿಸುತ್ತವೆ. ಕಂಡುಕೇಳರಿಯದ ಊರಿನವರು ಬಂದು ಕೊಂಡು ಸಾಗಿಸುತ್ತಾರೆ. ಹಮಾಲರ ಕೂಗು, ಹರಕು ಉರ್ದು, ದಲಾಲಿ, ಜಗಳ ಎಲ್ಲವೂ ಇದೆ. ಇಲ್ಲದಿರುವುದು ಸಮುದ್ರ ಒಂದೇ. ಪೆನಾಂಗಿನ ಪೇಟೆಗೆ ಕಾಲಿಟ್ಟಾಗ ನನಗಿಂತ ಮೊದಲು ಇದು ಗೊತ್ತಾದದ್ದು ಗಿರಿಜೆಯ ಮೂಗಿಗೆ. “ಅಡಿಕೆ!” ಎಂದು ರಿಕ್ಷಾದಿಂದ ಇಳಿದೇಬಿಟ್ಟಳು.

ಮೂಲೆಯಲ್ಲಿ ಮಲಯದ ಅಜ್ಜಿಯೊಬ್ಬಳು ಚಾಪೆ ಹಾಸಿ ಎಲೆ, ಅಡಿಕೆ, ಸುಣ್ಣ ಇಟ್ಟುಕೊಂಡು ಕೂತಿದ್ದಳು. ಗಿರಿಜೆ ಮಂಡಿಯಲ್ಲಿ ಅವಳಪ್ಪ ಮಾಡುವ ಹಾಗೆಯೇ ಒಂದು ಅಡಿಕೆ ಎತ್ತಿ, ಕಚ್ಚಿ, ಅಂಗೈಗೆ ಉಗಿದು ನೋಡಿದಳು.

“ಏನ್ರೀ ಇದು! ಬೇಯಿಸಿಲ್ಲ, ಚೊಗರಿನ ಬಣ್ಣ ಹಚ್ಚಿಲ್ಲ, ಹಸೀದನ್ನೇ ಸೀಳಿ ಒಣಗಿಸಿದ್ದಾರೆ. ಇದನ್ನ ನಮ್ಮ ಮಂಡಿಗೆ ತಂದ್ರೆ ಅಪ್ಪಾಜಿ ಮೂಟೆ ಇಳ್ಸೋಕೂ ಬಿಡಲ್ಲ!”

ಮದರಾಸು ಬಿಟ್ಟ ಮೇಲೆ ಅವಳು ನೆಟ್ಟಗೆ ನಿಂತು ಆಡಿದ ಮೊದಲ ಮಾತು ಅದು. ಅಜ್ಜಿಗೆ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಸವಾಲೆಂಬಂತೆ ಕೈ ಚಾಚಿದಳು. ಗಿರಿಜೆ ಚೀಲ ತಡಕಿ ಊರಿನ ಕೆಂಪಡಿಕೆ ಒಂದನ್ನು ಕೊಟ್ಟಳು. ಅಜ್ಜಿ ಕತ್ತರಿಸಿ ಬಾಯಿಗೆ ಹಾಕಿಕೊಂಡು, ಗಿರಿಜೆ ಮಾಡಿದ ಮುಖವನ್ನೇ ತಾನೂ ಮಾಡಿದಳು. ಇಬ್ಬರಿಗೂ ನಗು ತಡೆಯಲಿಲ್ಲ. ಆಮೇಲೆ ಇವಳು ಚಾಪೆಯ ಮೇಲೆ ಕೂತಳು. ಅಜ್ಜಿಯ ಅಡಕತ್ತರಿ ಇವಳ ಕೈಗೆ ಬಂತು. ಹಾಳೆಯಂತೆ ತೆಳ್ಳಗೆ ಹೆರೆಯುವುದು ಹೇಗೆಂದು ಇವಳು ಕಲಿಸಿದಳು, ಎಲೆಯನ್ನು ಪುಟ್ಟದಾಗಿ ಮಡಿಸುವುದು ಹೇಗೆಂದು ಅಜ್ಜಿ ಕಲಿಸಿದಳು. ನಾನು ಕೊಡೆ ಹಿಡಿದು ನಿಂತಿದ್ದೆ. ಬೆಟ್ಟ, ಬೌದ್ಧ ಗುಡಿ, ಸಮುದ್ರತೀರ ಎಲ್ಲ ನನಗಾಗಿ ಕಾಯುತ್ತಿದ್ದವು, ಕಾದೇ ಉಳಿದವು.

ಕೊನೆಗೆ ಹಡಗಿನ ಕೂಗು ಕೇಳಿತು. ಅಜ್ಜಿ ಒಂದು ಪುಟ್ಟ ಹಿತ್ತಾಳೆ ಡಬ್ಬಿಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿದಳು. ಮುತ್ತೈದೆಗೆ ಹಿರಿಯರು ಎಲೆ ಅಡಿಕೆ ಕೊಟ್ಟರೆ ನಮ್ಮಲ್ಲಿ ಆರಿಸಿ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಸೆರಗೊಡ್ಡಿ ಪೂರ್ತಿ ತೆಗೆದುಕೊಳ್ಳಬೇಕು. ಗಿರಿಜೆ ಹಾಗೆಯೇ ಡಬ್ಬಿಯ ಸಮೇತ ತೆಗೆದುಕೊಂಡು, ನಮಸ್ಕಾರ ಮಾಡಿ, ರಿಕ್ಷಾ ಹತ್ತಿದಳು. ಅಜ್ಜಿ ಎದ್ದು ನಿಂತು ಜೋರಾಗಿ ಕೈ ಬೀಸಿದಳು. ಎಷ್ಟು ಪ್ರೀತಿ ನೋಡು ಎಂದು ನಾವೂ ಕೈ ಬೀಸಿದೆವು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ಅವಳಿಗೂ ಹೇಳಿದೆ: ಬಹುಶಃ ಆಕೆ ಒಂದು ಎಲೆ ತೆಗೆದುಕೋ ಎಂದು ಡಬ್ಬಿ ಹಿಡಿದದ್ದು.

ಹಿಂದೆ ಹೋಗಲು ಹೊತ್ತಿರಲಿಲ್ಲ. ಕೊಟ್ಟ ಮಾತಿನಂತೆ ಏಜೆಂಟರ ಬಾಗಿಲಲ್ಲಿ ರಿಕ್ಷಾ ನಿಲ್ಲಿಸಿದೆ. ಗಿರಿಜೆ ಕೆಂಪು ಬಾಯಲ್ಲಿ ಡಬ್ಬಿಯನ್ನೇ ನೋಡುತ್ತ ಕೂತಿದ್ದಳು.

“ಬರೀ ಡಬ್ಬಿ ಹೇಗ್ರೀ ವಾಪಸ್ ಕೊಡೋದು?” ಎಂದಳು.

ನಾನೆಂಥ ಪೆದ್ದ! “ಇಲ್ಲೇ ಪೇಟೇಲಿ ಏನಾದ್ರೂ ತಗೊಂಡು ತುಂಬಿದ್ರಾಯ್ತು,” ಎಂದುಬಿಟ್ಟೆ.

“ಅವರೂರಿನ ಸಾಮಾನು ಅವರಿಗೇ ಕೊಡ್ತಾರಾ? ಜಪಾನಲ್ಲಿ ಏನು ಸಿಗತ್ತೋ ನೋಡಣ, ಬರೋವಾಗ ತುಂಬಿ ಕೊಡಣ. ನಡೀರಿ, ಹಡಗು ಬಿಟ್ಬಿಡತ್ತೆ.”

ಗಡಿಯಾರದ ಗೋಪುರಕ್ಕೆ ಆಗದ ಕೆಲಸ ಮುಷ್ಟಿಗಾತ್ರದ ಡಬ್ಬಿಯಿಂದ ಆಯಿತು. ಮುಂದಿನ ದಾರಿಯಲ್ಲೂ ಅವಳಿಗೆ ವಾಂತಿಯಾಯಿತು, ಅದೇನೂ ತಪ್ಪಲಿಲ್ಲ. ಹಿಂದಿರುಗುವ ಮಾತು ಮಾತ್ರ ಮತ್ತೆ ಬರಲಿಲ್ಲ.

ವರ್ಷದ ಮೇಲೆ ಅದೇ ಬಂದರು, ಅದೇ ಮೂಲೆ, ಅದೇ ಚಾಪೆ. ಡಬ್ಬಿಯಲ್ಲಿ ನಕ್ಷತ್ರದಂಥ ಜಪಾನಿ ಸಕ್ಕರೆ ಮಿಠಾಯಿ. ಅಜ್ಜಿ ಗಿರಿಜೆಯ ಕೆನ್ನೆ ಹಿಂಡಿ, ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮಡಿಲಿಗೆ ಸುರಿದುಕೊಂಡಳು. ಆಮೇಲೆ ಡಬ್ಬಿಯ ತುಂಬ ಅಡಿಕೆ ತುಂಬಿ, ಈ ಸಲ ಎರಡೂ ಕೈಯಲ್ಲಿ ಹಿಡಿದು ಗಿರಿಜೆಗೇ ಕೊಟ್ಟಳು. ಬರಿದಾದ ಪಾತ್ರೆ ಕಳಿಸದವರು ನಾವಷ್ಟೇ ಅಲ್ಲವೆಂದು ಕಾಣುತ್ತದೆ.

ಹೀಗಾಗಿ ಡಬ್ಬಿ ಈಗಲೂ ನಮ್ಮ ಮನೆಯ ಗೂಡಿನಲ್ಲಿದೆ. ಹೊಸ ಅಡಿಕೆ ಮಂಡಿಗೆ ಬಂದಾಗಲೆಲ್ಲ ಗಿರಿಜೆ ಅದರಲ್ಲಿ ಒಳ್ಳೆಯದನ್ನು ಆರಿಸಿ ತುಂಬಿಡುತ್ತಾಳೆ. ನಾನು ಪೇಪರು ಬಿಡಿಸಿದರೆ, “ಆ ಕಡೆ ಹಡಗು ಯಾವಾಗಂತ್ರೀ?” ಎನ್ನುತ್ತಾಳೆ. ಶಿವಮೊಗ್ಗದ ರೈಲಿಗೆ ಇಂದಿಗೂ ನಿಂಬೆಹಣ್ಣು ಬೇಕಾದವಳು!

ಊರು ತೋರಿಸುವ ನನ್ನ ವಿದ್ಯೆಯನ್ನು ನಾನೂ ತಿದ್ದಿಕೊಂಡಿದ್ದೇನೆ. ಎಲ್ಲವನ್ನೂ ತೋರಿಸಿ ಮುಗಿಸಿದ್ದೇ ತಪ್ಪು. ಮುಗಿದ ಊರಿಗೆ ಯಾರು ಬರುತ್ತಾರೆ? ಮೊನ್ನೆ ಆ ಸೋದರಮಾವನಿಗೆ ಗಿರಿಜೆ ಹಾಕಿದ ಉಪ್ಪಿನಕಾಯಿಯನ್ನು ನಮ್ಮ ಜಾಡಿಯ ಸಮೇತ ಕಳಿಸಿದ್ದೇನೆ. ಜಾಡಿ ದೊಡ್ಡದು, ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುವಂತಿಲ್ಲ. ಬರಿದಾಗಿ ತರುವಂತೆಯೂ ಇಲ್ಲ. ಇನ್ನು ಅವರು ಹೇಗೆ ಬರದೆ ಇರುತ್ತಾರೋ ನೋಡುತ್ತೇನೆ.