ಎಡೆಯ ಸಾರಿನ ಉಪ್ಪು

ದೇವರಿಗೆ ಎಡೆ ತೋರಿಸುವ ಮುಂಚೆ ಅಡುಗೆಯ ರುಚಿ ನೋಡಬಾರದು. ಅಮಾವಾಸ್ಯೆ ಬಂದರೆ ನಮ್ಮ ಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರು. ಒಲೆಯ ಮುಂದೆ ನಿಂತವಳು ಬೆರಳ ತುದಿಯನ್ನೂ ನಾಲಿಗೆಗೆ ತಾಕಿಸುವಂತಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ, ನೆನಪೊಂದೇ ಗತಿ. ನಲವತ್ತು ವರ್ಷ ನನ್ನ ಕೈ ಒಂದು ದಿನವೂ ತಪ್ಪಿರಲಿಲ್ಲ. ಆ ಸೊಕ್ಕು ನನಗಿತ್ತು, ಇಲ್ಲ ಅನ್ನುವುದಿಲ್ಲ.

ಪಾಮನಕಲ್ಲೂರಿನಲ್ಲಿ ಅವ್ವನಿಗೂ ಇತ್ತು. ಅವಳಿಗೆ ಎಪ್ಪತ್ತು ದಾಟಿದ ಮೇಲೆ, ಅಮಾವಾಸ್ಯೆಗೆಂದು ತವರಿಗೆ ಹೋದಾಗ, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಕಣ್ಣಾರೆ ಕಂಡೆ. ಮುಂದಿನ ಸಲ ಹಾಕಲೇ ಇಲ್ಲ. ಅಂದಿನಿಂದ ಅವಳು ಎಡೆಯನ್ನು ಆಕಳಿಗೆ ತಿನ್ನಿಸಲು ಹೊರಗೆ ಹೋದೊಡನೆ ನಾನು ಗಡಿಬಿಡಿಯಲ್ಲಿ ಸಾರಿನ ರುಚಿ ನೋಡಿ, ಉಪ್ಪೋ ಬಿಸಿನೀರೋ ಬೆರೆಸಿಬಿಡುತ್ತಿದ್ದೆ.

"ಉಪ್ಪು ಸರಿ ಐತೇನ?" ಎಂದು ಉಣ್ಣುವಾಗ ಕೇಳುತ್ತಿದ್ದಳು.

"ಸರಿ ಐತಿ ಯವ್ವಾ" ಎನ್ನುತ್ತಿದ್ದೆ, ತಾಟಿನಿಂದ ತಲೆ ಎತ್ತದೆ.

ಒಂದು ದಿನ ಉಪ್ಪಿನ ಡಬ್ಬಿ ನನ್ನ ಕೈಯಲ್ಲಿರುವಾಗಲೇ ಬಾಗಿಲಲ್ಲಿ ಬಂದು ನಿಂತಳು. "ಎಷ್ಟು ಅಮಾಸಿ ಆತು, ಹಿಂಗ ಮಾಡಾಕತ್ತಿ?" ಅಂದಳು. "ಇವತ್ತ ಮೊದಲು ಯವ್ವಾ" ಅಂದೆ. ನಾನು ಹಾಗೆ ಮಾಡತೊಡಗಿ ಅಷ್ಟರಲ್ಲಿ ವರ್ಷ ದಾಟಿತ್ತು. ಅದಾಗಿ ಮೂರನೇ ವರ್ಷ ಅವ್ವ ನನ್ನ ಮುಖ ನೋಡಿ, "ಯಾರವಾ ನೀ, ಯಾವೂರಾಕಿ?" ಎಂದು ಕೇಳಿದಳು.

ನನಗೀಗ ಅರವತ್ತಾರು. ಸಿಂಧನೂರಿನ ನಮ್ಮ ಮನೆಯಲ್ಲಿ ದಿನಾ ಕನ್ನಡಕ ಹುಡುಕುತ್ತೇನೆ. "ಮೊದಲು ತಲಿ ಕುತ್ತಿಗಿ ಮ್ಯಾಲ ಐತೋ ಇಲ್ಲೋ ನೋಡ್ಕೋ" ಎಂದು ಮನೆಯವರು ನಗುತ್ತಾರೆ. "ನಿಮ್ಮ ಹಲ್ಲಿನ ಸೆಟ್ ಎಲ್ಲಿಟ್ಟೀರಿ, ಅದನ್ನ ನೋಡ್ಕೋರಿ" ಎಂದು ನಾನೂ ಬಿಡುವುದಿಲ್ಲ. ಆದರೆ ಆರು ತಿಂಗಳ ಹಿಂದೆ, ಲಿಂಗಸುಗೂರಿನಲ್ಲಿರುವ ತಂಗಿಯ ಮನೆಗೆ ಹೊರಟವಳು ನಡುವೆ ಮಸ್ಕಿಯಲ್ಲಿಯೇ ಇಳಿದುಬಿಟ್ಟೆ. ಪಾಮನಕಲ್ಲೂರಿನ ಬಸ್ಸು ಎಷ್ಟೊತ್ತಿಗೆ ಎಂದು ಯಾರನ್ನೋ ಕೇಳಿದೆ. ಕೇಳಿದ ಮೇಲೆ ನೆನಪಾಯಿತು, ಅವ್ವ ಸತ್ತು ಒಂಬತ್ತು ವರ್ಷ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅಮಾವಾಸ್ಯೆಯ ಸಾರು ತಪ್ಪದಿರುವ ತನಕ ನನ್ನ ತಲೆ ನೆಟ್ಟಗಿದೆ ಎಂದು ಧೈರ್ಯ ತಂದುಕೊಂಡೆ. ಪ್ರತಿ ಸಲ ಸೊಸೆಯನ್ನು ಕೇಳುತ್ತಿದ್ದೆ. "ಸರಿ ಐತ್ರಿ ಅತ್ತಿ" ಎನ್ನುತ್ತಿದ್ದಳು. ನಾನು ಉಂಡಾಗಲೂ ಸರಿಯಾಗಿಯೇ ಇರುತ್ತಿತ್ತು.

ಮೊನ್ನೆ ಅಮಾವಾಸ್ಯೆಗೆ ಬೇಳೆ ಬಸಿದು, ಆ ಕಟ್ಟಿಗೆ ಒಗ್ಗರಣೆ ಕೊಟ್ಟು ಸಾರು ಮಾಡಿದೆ. ಎಡೆ ಬಡಿಸಿ ದೇವರಿಗೆ ತೋರಿಸಿ, ತಾಟು ಹಿಡಿದು ಹೊರಗೆ ಬಂದೆ. ಯಾವಾಗಲೂ ಬಾಗಿಲಿಗೆ ಬರುವ ಆಕಳು ಅಂದು ಬರಲಿಲ್ಲ. ಅರ್ಧ ತಾಸು ಕಾದು ಸಾಕಾಯಿತು. ಎಡೆಯನ್ನು ಚೆಲ್ಲುವಂತಿಲ್ಲವಲ್ಲ, ಒಳಗೆ ತಂದು ನಾನೇ ಉಣ್ಣಲು ಕುಳಿತೆ.

"ಸಾರು ಭಾಳ ಚಲೋ ಆಗೈತಿ" ಎಂದು ಮನೆಯವರು ಎರಡನೇ ಸಲ ಹಾಕಿಸಿಕೊಂಡರು. ನಾನು ಎಡೆಯ ಅನ್ನ ಸಾರು ಕಲಸಿ ಬಾಯಿಗಿಟ್ಟೆ. ಸಪ್ಪೆ. ಒಂದು ಹರಳು ಉಪ್ಪಿಲ್ಲ. ಪಾತ್ರೆಯಿಂದ ಒಂದು ಸೌಟು ಬಟ್ಟಲಿಗೆ ಹಾಕಿಕೊಂಡು ಕುಡಿದೆ. ಉಪ್ಪು ಸರಿಯಾಗಿತ್ತು. ಎಡೆಗೆ ಬಡಿಸಿದ್ದೂ ಅದೇ ಪಾತ್ರೆಯಿಂದ.

ಸೊಸೆ ಹೋಳಿಗೆಗೆ ತುಪ್ಪ ಹಾಕುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಎಷ್ಟು ಅಮಾಸಿ ಆತವಾ, ಹಿಂಗ ಮಾಡಾಕತ್ತಿ?" ಅಂದೆ.

ಅವಳು ತಲೆ ಎತ್ತಲಿಲ್ಲ.

"ಇವತ್ತ ಮೊದಲ್ರಿ ಅತ್ತಿ" ಅಂದಳು.