ಮೆಟ್ಟೂರಿನ ನೀರಿನ ಮೇಲೆ ಮಾದಪ್ಪ ದಡ ಕಾಣಿಸಿದ್ದು

ಹೋದ ವರ್ಷ ತಮಿಳರ ಆಡಿ ತಿಂಗಳಲ್ಲಿ ಮೆಟ್ಟೂರು ಅಣೆಕಟ್ಟೆಯ ನಡುನೀರಿನಲ್ಲಿ ನಮ್ಮ ಯಜಮಾನರು ಕೈ ಮುರಿದುಕೊಂಡು ದೋಣಿಯೊಳಗೆ ಬಿದ್ದಿದ್ದರು. ದೋಣಿ ನಡೆಸಲು ಗೊತ್ತಿದ್ದವರು ಅವರೊಬ್ಬರೇ. ಜೊತೆಗಿದ್ದವರು ನಾನು, ನನ್ನ ಅತ್ತೆ, ಏಳನೇ ಕ್ಲಾಸಿನ ಮಗಳು ರೇವತಿ. ಅವತ್ತು ಮಾದಪ್ಪ ನಮ್ಮನ್ನು ಹೇಗೆ ಕಾಪಾಡಿದ ಅನ್ನೋದನ್ನು ಅವನ ಒಕ್ಕಲಿನವರಿಗೆಲ್ಲ ಹೇಳಬೇಕು. ನಮ್ಮದು ಮನೆಮಾತು ಕನ್ನಡ, ಓದು ತಮಿಳು. ಹಾಗಾಗಿ ನಾನು ಹೇಳಿದ್ದನ್ನು ಕೊಳ್ಳೇಗಾಲಕ್ಕೆ ಕೊಟ್ಟಿರುವ ನನ್ನ ತಂಗಿ ಬರೆದಿದ್ದಾಳೆ.

ನಾವು ಕೊಳತ್ತೂರು ಕಡೆಯವರು. ಯಜಮಾನರದು ಅಣೆಯಲ್ಲಿ ಮೀನು ಹಿಡಿಯುವ ಕೆಲಸ. ಆಡಿ ಹದಿನೆಂಟರ ಹೊಳೆಹಬ್ಬಕ್ಕೆ ಇಸ್ಕೂಲು ರಜ ಇತ್ತು, ಹಿಂದೆಯೇ ಶನಿವಾರ, ಭಾನುವಾರ. ಮೂರು ದಿನ ಎಲ್ಲರೂ ದೋಣಿಯಲ್ಲೇ ಇರಬೇಕು, ನೀರಿನ ನಡುವಿನ ತಿಟ್ಟಿನ ಮೇಲೆ ಅಡುಗೆ ಮಾಡಿ ಉಣ್ಣಬೇಕು ಅಂತ ರೇವತಿ ಹಟ ಹಿಡಿದಳು. ಹೊಳೆಯಮ್ಮನಿಗೆ ಪೂಜೆ ಮಾಡಿ ಹೊರಟೆವು.

ಮೊದಲ ದಿನವೇ ಇಂಜಿನ್ ನಿಂತುಹೋಯಿತು. ವಾಪಸ್ ಹೋಗೋಣ ಅಂದೆ. ಯಜಮಾನರು ನಕ್ಕು, ನಮ್ಮಪ್ಪನ ಕಾಲದಲ್ಲಿ ಯಾವ ಇಂಜಿನ್ ಇತ್ತು ಅಂತ ಬಿದಿರು ನಿಲ್ಲಿಸಿ ತಾರ್ಪಾಲಿನ ಪಟ ಕಟ್ಟಿದರು. ದೋಣಿ ಸದ್ದಿಲ್ಲದೆ ಓಡಿದ್ದು ನೋಡಿ ಮಗಳಿಗೆ ಖುಷಿಯೋ ಖುಷಿ. ಎರಡನೇ ದಿನ ಪಟ ಹರಿಯಿತು, ಬಲೆಯ ದಾರದಲ್ಲಿ ಹೊಲಿದೆವು. ಅಲೆ ನುಗ್ಗಿ ಅಕ್ಕಿ ನೆನೆಯಿತು, ಗಂಜಿ ಕಾಯಿಸಿ ಕುಡಿದೆವು. ಅದಕ್ಕೂ ನಕ್ಕೆವು.

ಮೂರನೇ ದಿನ ಬೆಳಿಗ್ಗೆ, ಪಾಲಮಲೆ ಬೆಟ್ಟದ ಕಡೆಯ ದಡ ಸೇರಬೇಕು ಅಂತ ಹೊರಟಾಗ ಆಡಿ ಗಾಳಿ ಎದ್ದಿತು. ಒಂದೇ ಏಟಿಗೆ ಬಿದಿರು ಬುಡದಲ್ಲಿ ಮುರಿದು ಯಜಮಾನರ ಬಲಗೈ ಮೇಲೆ ಬಿತ್ತು. ಕೈ ದೋಣಿಯ ಅಂಚಿಗೂ ಬಿದಿರಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು, ಮೂಳೆ ಹೊರಗೆ ಕಾಣುತ್ತಿತ್ತು. ಅವರಿಗೆ ಪ್ರಜ್ಞೆ ತಪ್ಪಿತು. ಅತ್ತೆ ತಮ್ಮ ಸೀರೆಯನ್ನೇ ಹರಿದು ಬಿಗಿಯಾಗಿ ಕಟ್ಟಿದರು. ಸ್ವಲ್ಪ ಹೊತ್ತಿಗೆ ಬೆರಳೆಲ್ಲ ನೀಲಿ ಬಣ್ಣಕ್ಕೆ ತಿರುಗಿ ತಣ್ಣಗಾದವು. ಫೋನಿಗೆ ಟವರ್ ಇಲ್ಲ. ಸುತ್ತ ಒಂದು ಹರಿಗೋಲೂ ಇಲ್ಲ, ಆ ಗಾಳಿಗೆ ಯಾರೂ ನೀರಿಗೆ ಇಳಿದಿರಲಿಲ್ಲ.

ಗೊತ್ತಿದ್ದ ದಡ ಅದೊಂದೇ ಅಂತ ನಾನು ಹುಟ್ಟು ಹಿಡಿದು ಪಾಲಮಲೆಯ ಕಡೆಗೇ ಹಾಕಿದೆ. ಅಂಗೈ ಕಿತ್ತುಹೋಯಿತು. ಒಂದು ಮಾರು ಮುಂದೆ ಹೋದರೆ ಗಾಳಿ ಎರಡು ಮಾರು ಹಿಂದಕ್ಕೆ ನೂಕುತ್ತಿತ್ತು. ಗಾಳಿ ನಿಲ್ಲಿಸಪ್ಪಾ ಮಾದಪ್ಪಾ ಅಂತ ಎಷ್ಟು ಸಲ ಕೂಗಿದೆನೋ. ಗಾಳಿ ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ದೇವರ ಮೇಲೆ ಸಿಟ್ಟು ಬಂತು. ದೋಣಿಯ ಮೂತಿಗೆ ನಿನ್ನ ಹೆಸರೇ ಬರೆಸಿದ್ದೀವಲ್ಲ, ಕಣ್ಣಿಗೆ ಕಾಣಲಿಲ್ಲವಾ ಅಂತ ಬೈದೂಬಿಟ್ಟೆ. ತಪ್ಪಾಯಿತು.

ಆಗ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತೆ ಮೆಲ್ಲಗೆ ಹೇಳಿದರು: "ನಿಲ್ಸು ಅಂತ ಕೇಳ್ಬ್ಯಾಡ ಮಗಾ. ಗಾಳೀನೂ ಅವುಂದೇ ಅಲ್ವಾ? ಎಲ್ಲಿಗೆ ಕರ್ಕೊಂಡ್ ಓಗ್ತಾನೋ ಅಲ್ಲಿಗೆ ಓಗಾನ."

ನನಗೆ ಏನನಿಸಿತೋ, ಹುಟ್ಟು ಒಳಗೆ ಎಳೆದುಕೊಂಡೆ. ಹರಿದ ತಾರ್ಪಾಲಿನ ಒಂದು ತುದಿ ನಾನು, ಒಂದು ತುದಿ ರೇವತಿ ಎತ್ತಿ ಹಿಡಿದು ನಿಂತೆವು. ದೋಣಿ ತಿರುಗಿತು. ಪಾಲಮಲೆ ಬೆನ್ನಿಗೆ ಬಿತ್ತು. ಧರ್ಮಪುರಿ ಕಡೆಯ ಗುರುತಿಲ್ಲದ ದಡಕ್ಕೆ ಗಾಳಿ ನಮ್ಮನ್ನು ಹೊತ್ತುಕೊಂಡು ಹೋಯಿತು.

ಆ ದಡದಲ್ಲಿ ಗಂಡ ಹೆಂಡತಿ ಇಬ್ಬರು ಕುರಿಮಂದೆ ಹಾಕಿಕೊಂಡಿದ್ದರು. ಆ ಅಣ್ಣ ಸೊಂಟದ ಮಟ್ಟ ನೀರಿಗೆ ಇಳಿದು ಹಗ್ಗ ಹಿಡಿದು, "ಯಾವೂರವ್ವ, ಏನಾಯ್ತು?" ಅಂತ ಕನ್ನಡದಲ್ಲೇ ಕೇಳಿದರು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅವರ ಹೆಂಡತಿ ದಿಣ್ಣೆ ಹತ್ತಿ ನೂರೆಂಟಕ್ಕೆ ಫೋನ್ ಮಾಡಿದರು. ಯಜಮಾನರನ್ನು ಕಂಬಳಿಯಲ್ಲಿ ಮಲಗಿಸಿಕೊಂಡು ನಾವೆಲ್ಲ ನಾಲ್ಕು ಮೂಲೆ ಹಿಡಿದು ರೋಡಿನವರೆಗೆ ಹೊತ್ತೆವು. ಆ ಅಕ್ಕ ನಡೆಯುತ್ತಲೇ ಹೇಳಿದರು, ಬೆಳಗಾಗುತ್ತಲೇ ಮಂದೆ ಎಬ್ಬಿಸಿಕೊಂಡು ಮುಂದಿನ ಊರಿಗೆ ಹೋಗಬೇಕಿತ್ತಂತೆ, ಒಂದು ಕುರಿ ಮರಿ ಹಾಕಲು ಕಷ್ಟಪಡುತ್ತಿತ್ತು ಅಂತ ನಿಂತರಂತೆ.

ಆಂಬುಲೆನ್ಸು ಪೆಣ್ಣಾಗರಕ್ಕೆ, ಅಲ್ಲಿಂದ ಧರ್ಮಪುರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಯಿತು. ಮಧ್ಯಾಹ್ನವೇ ಆಪರೇಷನ್ ಆಯಿತು. ಹೊರಗೆ ಬಂದ ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದರು: ಕೈಗೆ ರಕ್ತ ಹೋಗುವುದೇ ನಿಂತಿತ್ತು, ಇನ್ನೂ ತಡವಾಗಿದ್ದರೆ ಕೈ ತೆಗೆಯಬೇಕಾಗುತ್ತಿತ್ತು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಹೇಳಿದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ನಾನು ಹಟ ಹಿಡಿದು ಹೋಗುತ್ತಿದ್ದ ಪಾಲಮಲೆ ಕಡೆಯ ಆ ದಡದಲ್ಲಿ ರೋಡಿಲ್ಲ, ಟವರಿಲ್ಲ, ಮನುಷ್ಯರಿಲ್ಲ. ನನ್ನ ಪ್ರಾರ್ಥನೆ ಕೇಳಿ ಮಾದಪ್ಪ ಗಾಳಿ ನಿಲ್ಲಿಸಿದ್ದರೆ ನಾವು ಅಲ್ಲಿಗೇ ಹೋಗಿ ಸೇರಿರುತ್ತಿದ್ದೆವು. ಆಸ್ಪತ್ರೆಯ ವರಾಂಡದ ನೆಲದ ಮೇಲೆಯೇ ಅಡ್ಡಬಿದ್ದೆ.

ಇಪ್ಪತ್ತೆರಡು ದಿನ ನಾನೂ ಯಜಮಾನರೂ ಅಲ್ಲಿದ್ದೆವು. ಮಗಳ ಜೊತೆ ಊರಿಗೆ ಹೋಗಿದ್ದ ಅತ್ತೆ ದಿನವೂ ಫೋನ್ ಮಾಡಿ, ಎರಡು ಬಸ್ ಬದಲಾಯಿಸಿ ರೇವತಿಯನ್ನು ಕರೆದುಕೊಂಡು ಬರುತ್ತೀನಿ ಅನ್ನುವರು, ಇಸ್ಕೂಲು ತಪ್ಪುತ್ತದೆ ಅಂತ ನಾನೇ ಬೇಡ ಅನ್ನುತ್ತಿದ್ದೆ.

ದೀವಳಿಗೆ ಕಳೆದ ಮೇಲೆ ಎಲ್ಲರೂ ಬಸ್ಸಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋದೆವು. ಯಜಮಾನರಿಗೆ ಈಗ ಬಲೆ ಹಿಡಿಯಲು ಬರುತ್ತದೆ, ಅನ್ನ ಕಲಸಲು ಬರುತ್ತದೆ. ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ, ಇನ್ನು ಆಗುವುದೂ ಇಲ್ಲವಂತೆ. ಆ ಬಾಗಿದ ಬೆರಳುಗಳನ್ನು ಎಡಗೈಗೆ ಹೇಗೋ ಹೊಂದಿಸಿಕೊಂಡು ಸ್ವಾಮಿಯ ಮುಂದೆ ಕೈ ಮುಗಿದು ನಿಂತರು. ನನಗೆ ಬೇಡಲು ಏನೂ ನೆನಪಾಗಲಿಲ್ಲ. ಅವರ ಪಕ್ಕದಲ್ಲಿ ನಿಂತು ಆ ಎರಡು ಕೈಗಳನ್ನೇ ನೋಡುತ್ತಿದ್ದೆ.